ಟ್ಯಾಂಕರ್ ಗೊತ್ತು ಮಾಡುವ ಮೊದಲು – 3ನೇ ಕ್ರಾಸ್ ನಿವಾಸಿಗಳ ಗುಂಪು

ಮನೆ ನಂ. 14: ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ. ಪಾರ್ಕ್ ಪಕ್ಕದ ಬೋರ್‌ವೆಲ್‌ನಲ್ಲಿ ಮೊನ್ನೆಯಿಂದ ಬರೀ ಗಾಳಿ ಬರುತ್ತಿದೆ. ಎಲ್ಲರೂ ದುಡ್ಡು ಹಾಕಿ ಟ್ಯಾಂಕರ್ ಗೊತ್ತು ಮಾಡೋಣ ಅಂತ ನಿನ್ನೆ ಮಾತಾಯಿತು. ಅದಕ್ಕೆ ಮುಂಚೆ ಒಂದು ವಿಷಯ.

ಇವತ್ತು ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೊರಟಾಗ ನಮ್ಮ ಕ್ರಾಸಿನಲ್ಲೇ ನಾಲ್ಕು ಮನೆಗಳ ಓವರ್‌ಹೆಡ್ ಟ್ಯಾಂಕ್ ತುಂಬಿ ಸುರಿಯುತ್ತಿತ್ತು. ಅದರಲ್ಲಿ ಒಂದು ನಮ್ಮದು. ಪೈಪ್ ಕೆಳಗೆ 20 ಲೀಟರ್ ಬಕೆಟ್ ಇಟ್ಟೆ. ಒಂದೇ ನಿಮಿಷಕ್ಕೆ ತುಂಬಿತು. ಪಕ್ಕದ ರಸ್ತೆಯ ಒಂದು ಮನೆಯಲ್ಲಿ ಮೋಟಾರ್ ಆಫ್ ಆಗುವಾಗ 25 ನಿಮಿಷ ಕಳೆದಿತ್ತು. ಅಲ್ಲೂ ಇದೇ ವೇಗ ಅಂದುಕೊಂಡರೆ ಸುಮಾರು 500 ಲೀಟರ್ ಸೀದಾ ಮೋರಿಗೆ. ಗೋಡೆ ಮೇಲೆ ಪಾಚಿಯ ಹಸಿರು ಪಟ್ಟೆ ಬಿದ್ದಿದೆ, ಅಂದಮೇಲೆ ಇದು ಇವತ್ತು ಶುರುವಾದದ್ದಲ್ಲ.

ನಮ್ಮ ನಲ್ಲಿಗೆ ಬರುವ ಈ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ಬರುತ್ತದೆ. ಅಲ್ಲಿ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ, ಹೀಗೆ ಮೂರು ಕಡೆ ಪಂಪ್ ಮಾಡಿ ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆ ಎತ್ತುತ್ತಾರೆ. ನಾನು ಲೆಕ್ಕ ಹಾಕಿದೆ, ಸಾವಿರ ಲೀಟರ್ ಎತ್ತಲು ಎರಡು ಯೂನಿಟ್ ಹತ್ತಿರ ಕರೆಂಟ್ ಬೇಕು. ಅಷ್ಟು ಕಷ್ಟಪಟ್ಟು ತಂದ ನೀರನ್ನು ಇನ್ನೆರಡು ಮಹಡಿ ಹತ್ತಿಸಿ ಮೋರಿಗೆ ಬಿಡುವುದು ನೋಡಿ ಹೊಟ್ಟೆ ಉರಿಯಿತು.

ಮನೆ ನಂ. 31: ಮೇಡಂ, 2024ರ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತದ ನೀರು ಬಂತಲ್ವಾ? ಇನ್ನು ಅಷ್ಟು ಚಿಂತೆ ಯಾಕೆ?

ಮನೆ ನಂ. 14: ಸರ್, ಅದು ಮುಖ್ಯವಾಗಿ ಹೊರವಲಯದ 110 ಹಳ್ಳಿಗಳಿಗೆ. ಅವರು ವರ್ಷಗಟ್ಟಲೆ ಕಾದಿದ್ದಾರೆ. ನಾವು ಚೆಲ್ಲುವ ಪ್ರತಿ ಬಕೆಟ್ ಇನ್ಯಾರದೋ ಪಾಲು ಅಲ್ವಾ?

ಮನೆ ನಂ. 9: ನಮ್ಮನೇಲೂ ಚೆಲ್ಲುತ್ತೆ, ಒಪ್ಪಿಕೊಳ್ತೀನಿ. ಏನು ಮಾಡಬೇಕು ಹೇಳಿ ಅಕ್ಕಾ.

ಮನೆ ನಂ. 14: ಟ್ಯಾಂಕ್ ತುಂಬಿದ ತಕ್ಷಣ ಮೋಟಾರ್ ತಾನೇ ನಿಲ್ಲುವ ಸೆನ್ಸರ್ ಬರುತ್ತದೆ. ಎಲೆಕ್ಟ್ರಿಷಿಯನ್ ಒಂದು ಗಂಟೆಯಲ್ಲಿ ಹಾಕುತ್ತಾರೆ. ಎಲ್ಲರೂ ಒಟ್ಟಿಗೆ ಹೇಳಿದರೆ ಒಬ್ಬರೇ ಬಂದು ಒಂದೇ ದಿನ ಮುಗಿಸಬಹುದು.

ಮನೆ ನಂ. 22: ನನ್ನದೊಂದು ಮಾತು. ಚೆಲ್ಲುವುದು ನಿಲ್ಲಿಸಿದರೆ ಸಾಲದು, ಬೋರ್‌ವೆಲ್‌ಗೆ ನೀರು ವಾಪಸ್ ಕೊಡಬೇಕು. ನಾನು ಮನೆ ಕಟ್ಟಿದಾಗ ಈ ಪಾರ್ಕ್ ಪಕ್ಕ ಮಣ್ಣಿನ ಜಾಗವೇ ಜಾಸ್ತಿ ಇತ್ತು. ಈಗ ಗೇಟಿನಿಂದ ಗೇಟಿಗೆ ಸಿಮೆಂಟು, ಮಳೆ ನೀರು ಇಂಗಲು ಜಾಗವೇ ಇಲ್ಲ. ಪಾರ್ಕ್ ಮೂಲೆಯಲ್ಲಿ ಒಂದು ಇಂಗುಬಾವಿ ತೋಡಿಸೋಣ. ಮೂರಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗ್. ಬಾವಿ ತೋಡುವ ಮಣ್ಣು ಒಡ್ಡರು ನಮ್ಮೂರಲ್ಲಿ ಇನ್ನೂ ಇದ್ದಾರೆ, ಅವರಿಗೆ ಮಣ್ಣು ನೋಡಿದರೇ ಗೊತ್ತಾಗುತ್ತೆ. ಮೋರಿ ನೀರು ಮಾತ್ರ ಒಳಗೆ ಹೋಗಕೂಡದು, ಮಹಡಿ ಮೇಲಿನ ಮಳೆ ನೀರನ್ನಷ್ಟೇ ಬಿಡಬೇಕು. ಒಂದು ಸಾವಿರ ಚದರ ಅಡಿ ಮಹಡಿ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಸುಮಾರು 1,800 ಲೀಟರ್ ಸಿಗುತ್ತೆ. ಒಂದು ಸಂಜೆ ಮಳೆ ಸಾಕು.

ಮನೆ ನಂ. 17: ಅಂಕಲ್, ಮಹಡಿ ಮೇಲೆ ಪಾರಿವಾಳದ ಗಲೀಜು, ಹೊಂಗೆ ಎಲೆ ಎಲ್ಲ ಇರುತ್ತೆ.

ಮನೆ ನಂ. 22: ಹೌದಮ್ಮ, ಅದಕ್ಕೇ ಮೊದಲ ಮಳೆ ಹೊರಗೆ ಬಿಟ್ಟು, ಆಮೇಲೆ ಪೈಪಿನ ವಾಲ್ವ್ ತಿರುಗಿಸೋದು. ಮಳೆಗಾಲಕ್ಕೆ ಮುಂಚೆ ಒಂದು ಸಲ ಗುಡಿಸಿದರೆ ಆಯ್ತು. ಜಯನಗರ 5ನೇ ಬ್ಲಾಕಿನ ಮಳೆನೀರು ಕೊಯ್ಲು ಪಾರ್ಕಿಗೆ ಹೋಗಿ ಬನ್ನಿ, ಕಣ್ಣಾರೆ ನೋಡಬಹುದು.

ಮನೆ ನಂ. 6, ಮೊದಲ ಮಹಡಿ: ನಾವು ಬಾಡಿಗೆಗೆ ಇರೋರು, ಓನರ್ ಬೇರೆ ಊರಲ್ಲಿದ್ದಾರೆ. ಆರ್‌ಒ ಮಷಿನ್ನಿನಿಂದ ಹೊರಗೆ ಹೋಗೋ ನೀರನ್ನ ಬಕೆಟ್‌ನಲ್ಲಿ ಹಿಡಿದು ನೆಲ ಒರೆಸೋಕೆ, ಟಾಯ್ಲೆಟ್‌ಗೆ ಹಾಕ್ತೀವಿ. ಗಿಡಕ್ಕೆ ಹಾಕಲ್ಲ, ಉಪ್ಪು ಜಾಸ್ತಿ. ಇಷ್ಟೇ ನಮ್ಮ ಕೈಯಲ್ಲಿ ಆಗೋದು.

ಮನೆ ನಂ. 14: ಇಷ್ಟೇ ಅನ್ನಬೇಡಿ, ಇದನ್ನ ನಾನೂ ನಾಳೆಯಿಂದ ಮಾಡ್ತೀನಿ. ಓನರ್ ನಂಬರ್ ನನಗೆ ಕಳಿಸಿ, ನಾನೇ ಮಾತಾಡ್ತೀನಿ.

ಭಾನುವಾರ ಬೆಳಿಗ್ಗೆ 8ಕ್ಕೆ ಪಾರ್ಕ್ ಗೇಟ್ ಹತ್ತಿರ ಸೇರೋಣ. ಮೊದಲು ಟ್ಯಾಂಕ್‌ಗಳನ್ನು ನೋಡಿಕೊಂಡು ಬರೋಣ, ಆಮೇಲೆ ಬಾವಿಗೆ ಜಾಗ. ಟ್ಯಾಂಕರ್ ಲೆಕ್ಕ ಅದಾದ ಮೇಲೆ. ಮಹಡಿ ಬಾಗಿಲಿನ ಕೀ ತನ್ನಿ.

ಮನೆ ನಂ. 31: ನಾನೂ ಬರ್ತೀನಿ ಮೇಡಂ. ನಮ್ಮನೇಲಿ 12 ಅಡಿ ಏಣಿ ಇದೆ, ಹೊರಲು ಇನ್ನೊಬ್ಬರು ಬೇಕು.

ಮನೆ ನಂ. 9: ಸರ್, ಏಳೂಮುಕ್ಕಾಲಿಗೆ ನಿಮ್ಮನೆ ಹತ್ತಿರ ಬರ್ತೀನಿ.