ಸಿಗರೇಟು ಬಿಟ್ಟು ವೇಪ್ ಹಿಡಿಯಬಹುದೇ? ಮಂಡ್ಯದಿಂದ ಬಂದ ಪ್ರಶ್ನೆ ಮತ್ತು ಅದರ ಮೇಲಿನ ಚರ್ಚೆ

ಆಲೆಮನೆ ಗೌಡ, ಮಂಡ್ಯ

ಬಲ್ಲವರಲ್ಲಿ ಒಂದು ವಿಚಾರ ಕೇಳಬೇಕಾಗಿದೆ. ಕಾಲೇಜು ದಿನಗಳಿಂದ ನಾನು ಸಿಗರೇಟು ಸೇದುತ್ತಾ ಬಂದವನು. ದಿನಕ್ಕೆ ಹತ್ತರ ಎರಡು ಪ್ಯಾಕು ಮುಗಿಯುತ್ತವೆ; ಆಲೆಮನೆಯಲ್ಲಿ ರಾತ್ರಿಯಿಡೀ ಕೊಪ್ಪರಿಗೆಯ ಮುಂದೆ ಕೂರುವ ಕಾಲದಲ್ಲಿ ಲೆಕ್ಕವೇ ಇರುವುದಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಒಂದು ಹಚ್ಚಬೇಕು, ಇಲ್ಲದಿದ್ದರೆ ಮನೆಯವರ ಮೇಲೆಲ್ಲ ರೇಗುತ್ತೇನೆ. ಈಗ ಉಬ್ಬಸ ಶುರುವಾಗಿ, ವೈದ್ಯರು ಡೆರಿಫಿಲಿನ್ ಮಾತ್ರೆ ಬರೆದುಕೊಟ್ಟು, ಸೇದುವುದನ್ನು ಬಿಡಲೇಬೇಕೆಂದು ಹೇಳಿದ್ದಾರೆ. ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ. ಅವನು ಅಲ್ಲಿ ಸಿಗರೇಟು ಬಿಟ್ಟು ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟು, ಹಿಡಿದು ಚೆನ್ನಾಗಿದ್ದೇನೆ ಎನ್ನುತ್ತಾನೆ. ದಸರೆಗೆ ಊರಿಗೆ ಬರುವಾಗ ನನಗೂ ಒಂದು ಸಾಧನ ಮತ್ತು ನಾಲ್ಕಾರು ಬಾಟಲಿ ದ್ರವ ತರುವುದಾಗಿ ಹೇಳಿದ್ದಾನೆ. ಹೊಸಬನಾದ ನಾನು ಇದನ್ನು ಹೇಗೆ ಆರಂಭಿಸಬೇಕು, ಎಷ್ಟು ನಿಕೋಟಿನ್ ಇರುವುದನ್ನು ಆರಿಸಿಕೊಳ್ಳಬೇಕು, ಇದು ನಿಜವಾಗಿಯೂ ಸಿಗರೇಟಿಗಿಂತ ಮೇಲೇ ಎಂಬುದನ್ನು ತಿಳಿದವರು ಹೇಳಬೇಕು.

ಬರ್ಮಿಂಗ್‌ಹ್ಯಾಮಿನ ಮೈಸೂರಿಗ

ಗೌಡರೇ, ನಿಮ್ಮ ತಮ್ಮನ ಹಾಗೆಯೇ ನಾನೂ ಇಲ್ಲಿ ಸಿಗರೇಟು ಬಿಟ್ಟು ವೇಪಿಗೆ ಬಂದವನು. ಸಿಗರೇಟಿನ ದೊಡ್ಡ ಕೇಡು ಅದರ ಹೊಗೆಯಲ್ಲಿದೆ. ಎಲೆ ಉರಿದಾಗ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು ಹೊರಬರುತ್ತವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರಬಲ್ಲವು. ಟಾರು, ಕಾರ್ಬನ್ ಮಾನಾಕ್ಸೈಡು ಎಲ್ಲವೂ ಉರಿಯ ಮಕ್ಕಳೇ. ವೇಪಿನಲ್ಲಿ ಏನೂ ಉರಿಯುವುದಿಲ್ಲ. ಪ್ರೊಪಿಲೀನ್ ಗ್ಲೈಕಾಲ್ ಮತ್ತು ತರಕಾರಿ ಗ್ಲಿಸರಿನ್ ಬೆರೆಸಿದ ದ್ರವವು ಹತ್ತಿಯ ಬತ್ತಿಯೊಳಕ್ಕೆ ಇಳಿದು, ಅದಕ್ಕೆ ಸುತ್ತಿದ ತಂತಿ (ಕಾಯಿಲ್) ಬ್ಯಾಟರಿಯಿಂದ ಬಿಸಿಯಾದಾಗ ಆವಿಯಾಗಿ ಬಾಯಿಗೆ ಬರುತ್ತದೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ 2015ರಲ್ಲಿ ಇದರ ಹಾನಿ ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಎಂದು ಅಂದಾಜಿಸಿತು. ಆ ಅಂಕಿಯನ್ನು ಒಪ್ಪದ ತಜ್ಞರೂ ಇದ್ದಾರೆ, ಆದರೆ ಸಿಗರೇಟಿಗಿಂತ ಬಹಳ ಕಡಿಮೆ ಎಂಬ ಮಾತಿಗೆ ಇಲ್ಲಿನ ವೈದ್ಯಲೋಕದಲ್ಲಿ ಹೆಚ್ಚಿನ ತಕರಾರಿಲ್ಲ.

ಹೊಸಬರು ಎಡವುವುದು ಎರಡು ಕಡೆ. ಮೊದಲನೆಯದು ಸೇದುವ ರೀತಿ: ಸಿಗರೇಟಿನಂತೆ ಜೋರಾಗಿ, ಚುಟುಕಾಗಿ ದಮ್ಮು ಎಳೆದರೆ ಕೆಮ್ಮು ಬರುತ್ತದೆ, ನಿಕೋಟಿನ್ ಸಾಲುವುದಿಲ್ಲ, ಮೂರು ನಾಲ್ಕು ಸೆಕೆಂಡು ನಿಧಾನವಾಗಿ ಬಾಯಿಗೆ ಎಳೆದುಕೊಂಡು ಆಮೇಲೆ ಒಳಗೆ ತೆಗೆದುಕೊಳ್ಳಬೇಕು. ಹೊಸ ಕಾಯಿಲ್ ಹಾಕಿ ದ್ರವ ತುಂಬಿದ ಮೇಲೆ ಹತ್ತು ನಿಮಿಷವಾದರೂ ಬಿಡಬೇಕು, ಇಲ್ಲದಿದ್ದರೆ ಒಣ ಹತ್ತಿ ಸುಟ್ಟು ಗಂಟಲು ಕಿತ್ತುಬರುತ್ತದೆ. ಎರಡನೆಯದು ನಿಕೋಟಿನಿನ ಪ್ರಮಾಣ. ದಿನಕ್ಕೆ ಇಪ್ಪತ್ತರ ಒಂದು ಪ್ಯಾಕು ಸೇದುವವನು ಭಯಪಟ್ಟು 3 ಮಿಲಿಗ್ರಾಮಿನ ದ್ರವ ತೆಗೆದುಕೊಂಡರೆ ಸಂಜೆಯ ಹೊತ್ತಿಗೆ ಸಿಗರೇಟಿನ ಅಂಗಡಿಯ ಮುಂದೆ ನಿಂತಿರುತ್ತಾನೆ. ಇಲ್ಲಿನ ಕಾನೂನು ಒಪ್ಪುವ ಗರಿಷ್ಠ ಪ್ರಮಾಣ ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಂ. ಹೆಚ್ಚು ಸೇದುವವರಿಗೆ ಅದರ ಆಸುಪಾಸಿನಲ್ಲೇ ಆರಂಭಿಸಿ ತಿಂಗಳುಗಳ ಮೇಲೆ ಇಳಿಸಿಕೊಂಡು ಬರಲು ಹೇಳುತ್ತಾರೆ.

ಮೈಸೂರಿನ ವಕೀಲ

ಮೇಲಿನವರು ಬರೆದಿರುವುದು ಬರ್ಮಿಂಗ್‌ಹ್ಯಾಮಿಗೆ ಸರಿ. ಗೌಡರು ಕೇಳುತ್ತಿರುವುದು ಮಂಡ್ಯದಿಂದ. ಕರ್ನಾಟಕದಲ್ಲಿ ಇ-ಸಿಗರೇಟು 2016ರಲ್ಲೇ ನಿಷೇಧವಾಯಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರಿನಲ್ಲಿ ಅದನ್ನೇ ಕಾಯ್ದೆ ಮಾಡಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು, ಜಾಹೀರಾತು, ಇವೆಲ್ಲವೂ ಅಪರಾಧ. ಮೊದಲ ಬಾರಿಗೆ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ದಾಸ್ತಾನಿಗೆ ಮಾತ್ರ ಆರು ತಿಂಗಳವರೆಗೆ ಸೆರೆ ಅಥವಾ 50 ಸಾವಿರದವರೆಗೆ ದಂಡ ಅಥವಾ ಎರಡೂ. ಪೂರ್ತಿ ಸಾಧನವೇ ಆಗಬೇಕೆಂದಿಲ್ಲ, ಅದರ ಬಿಡಿಭಾಗಕ್ಕೂ ಇದು ಅನ್ವಯಿಸುತ್ತದೆ. ದ್ರವದಲ್ಲಿ ನಿಕೋಟಿನ್ ಇಲ್ಲ ಎಂದು ವಾದಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಕಾಯ್ದೆಯ ವ್ಯಾಖ್ಯೆಯೇ ನಿಕೋಟಿನ್ ಇರಲಿ ಇಲ್ಲದಿರಲಿ ಎಂದು ಹೇಳುತ್ತದೆ. ಸೇದುವುದಕ್ಕೇ ಪ್ರತ್ಯೇಕವಾದ ಶಿಕ್ಷೆಯನ್ನು ಅದರಲ್ಲಿ ಬರೆದಿಲ್ಲ ಎಂಬುದು ನಿಜ. ಆದರೆ ತಮ್ಮ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವಿಮಾನ ಇಳಿದರೆ ಅದಕ್ಕೆ ಆಮದು ಎಂದೇ ಹೆಸರು.

ಪಿರಿಯಾಪಟ್ಟಣದ ಬೇಸಾಯಗಾರ

ವಕೀಲರೇ, ಕಾನೂನು ತಿಳಿಸಿದ್ದಕ್ಕೆ ವಂದನೆಗಳು. ಹಾಗಾದರೆ ನನ್ನದೊಂದು ಪ್ರಶ್ನೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ನಾವು ಬೆಳೆಯುವ ಹೊಗೆಸೊಪ್ಪಿಗೆ ತಂಬಾಕು ಮಂಡಳಿಯೇ ಲೈಸೆನ್ಸು ಕೊಡುತ್ತದೆ, ಮಂಡಳಿಯ ಹರಾಜು ಕಟ್ಟೆಯಲ್ಲೇ ಅದು ಮಾರಾಟವಾಗುತ್ತದೆ, ಹುಣಸೂರಿನಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೂ ಇದೆ. ಉರಿಸಿ ಸೇದುವುದಕ್ಕೆ ಸರ್ಕಾರದ ಮುದ್ರೆ, ಉರಿಸದೆ ಸೇದುವುದಕ್ಕೆ ಸೆರೆಮನೆ. ಇದು ಯಾವ ನ್ಯಾಯ?

ಹಾಗೆಂದು ನಾನು ವೇಪಿನ ಪರ ಎಂದು ತಿಳಿಯಬಾರದು. ನಿಕೋಟಿನ್ ನಿರಪಾಯಕಾರಿ ಎಂದು ಯಾರಾದರೂ ಹೇಳಿದರೆ ಅವರು ಮಳೆ ಬಿದ್ದ ಬೆಳಿಗ್ಗೆ ನಮ್ಮ ಹೊಲಕ್ಕೆ ಬಂದು ಸೊಪ್ಪು ಮುರಿಯಲಿ. ನೆನೆದ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಸೊಪ್ಪು ಬೇಯಿಸುವ ಬ್ಯಾರನ್ನಿನವರೆಗೆ ಹೊರುವ ಹೆಂಗಸರಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ, ಹೊಟ್ಟೆ ತೊಳಸಿ, ವಾಂತಿಯಾಗುತ್ತದೆ. ಅವರಲ್ಲಿ ಎಷ್ಟೋ ಜನ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಚರ್ಮದ ಮೂಲಕ ಇಳಿದ ನಿಕೋಟಿನ್ ಮಾಡುವ ಕೆಲಸ ಅದು. ಆ ಬಾಟಲಿಯಲ್ಲಿರುವ ನಿಕೋಟಿನ್ ಕೂಡ ಬಹುಪಾಲು ಇಂಥದೇ ಸೊಪ್ಪಿನಿಂದ ತೆಗೆದದ್ದು. ಮನೆಯಲ್ಲಿ ಮಕ್ಕಳಿದ್ದರೆ, ಮಾವಿನ ಹಣ್ಣಿನ ವಾಸನೆಯ ಆ ದ್ರವವನ್ನು ಮಗು ಕುಡಿದುಬಿಟ್ಟರೆ ಗತಿಯೇನು ಎಂಬುದನ್ನೂ ಗೌಡರು ಯೋಚಿಸಲಿ.

ಮೈಸೂರಿನ ವಕೀಲ

ನ್ಯಾಯದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಸಂಸತ್ತಿನಲ್ಲಿಯೂ ಈ ಮಾತು ಬಂದಿತ್ತು. ಸರ್ಕಾರದ ಸಮರ್ಥನೆ ಇದ್ದದ್ದು ಎಳೆಯರ ಬಗ್ಗೆ: ಹಳೆಯ ಚಟವನ್ನು ಕೀಳುವುದು ಕಷ್ಟ, ಹೊಸ ಚಟವನ್ನು ಬೇರೂರುವ ಮೊದಲೇ ತಡೆಯಬಹುದು ಎಂದು.

ನಿವೃತ್ತ ಔಷಧ ವಿತರಕಿ, ಸರಸ್ವತಿಪುರಂ

ಇಷ್ಟು ಹೊತ್ತು ಎಲ್ಲರೂ ಬರೆದದ್ದನ್ನು ಓದಿದೆ. ಗೌಡರ ಮೊದಲ ಮಾತಿನಲ್ಲಿ ಬಂದ ಒಂದು ವಿಷಯವನ್ನು ಯಾರೂ ಗಮನಿಸಲಿಲ್ಲ. ಅವರು ಡೆರಿಫಿಲಿನ್ ತೆಗೆದುಕೊಳ್ಳುತ್ತಿದ್ದಾರೆ. ಅದರಲ್ಲಿ ಥಿಯೋಫಿಲಿನ್ ಇದೆ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡಿ ಥಿಯೋಫಿಲಿನ್ನನ್ನು ಬೇಗ ಬೇಗ ಕರಗಿಸಿಬಿಡುತ್ತವೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಚುರುಕು ಇಳಿಯುತ್ತದೆ, ಅದೇ ಮಾತ್ರೆ ರಕ್ತದಲ್ಲಿ ಹೆಚ್ಚಾಗಿ ಉಳಿಯುತ್ತದೆ. ಆಗ ಎದೆ ಡವಡವ ಎನ್ನುವುದು, ಕೈ ನಡುಗುವುದು, ವಾಕರಿಕೆ ಬರುವುದು ಉಂಟು. ಇದು ನಿಕೋಟಿನಿನ ಪ್ರಭಾವವಲ್ಲ, ಹೊಗೆಯದು. ಆದ್ದರಿಂದ ಗೌಡರು ವೇಪಿಗೆ ಹೋದರೂ, ಜಗಿಯುವ ನಿಕೋಟಿನ್ ಗಮ್ಮಿಗೆ ಹೋದರೂ, ಏನೂ ಇಲ್ಲದೆ ಬಿಟ್ಟರೂ ಪರಿಣಾಮ ಒಂದೇ. ಬಿಡುವ ದಿನ ಗೊತ್ತು ಮಾಡಿಕೊಂಡು ಮೊದಲೇ ವೈದ್ಯರಿಗೆ ತಿಳಿಸಿ, ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಕೇಳಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಕಾಫಿಯ ಕಥೆಯೂ ಇದೇ. ಕೆಫೀನನ್ನು ಕರಗಿಸುವುದೂ ಆ ಕಿಣ್ವವೇ. ಸಿಗರೇಟು ಬಿಟ್ಟವರು ಮೊದಲಿನಷ್ಟೇ ಕಾಫಿ ಕುಡಿಯುತ್ತಾ, ನಿದ್ದೆ ಬರುತ್ತಿಲ್ಲ, ಮೈಯೆಲ್ಲ ಚಡಪಡಿಸುತ್ತಿದೆ, ಸಿಗರೇಟು ಬಿಟ್ಟದ್ದೇ ತಪ್ಪಾಯಿತು ಎಂದು ಮತ್ತೆ ಹಚ್ಚುವುದನ್ನು ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಕಾಫಿಯನ್ನು ಅರ್ಧಕ್ಕೆ ಇಳಿಸಿದರೆ ಆ ಚಡಪಡಿಕೆಯ ಒಂದು ಪಾಲು ತಾನಾಗಿ ಹೋಗುತ್ತದೆ.

ಬರ್ಮಿಂಗ್‌ಹ್ಯಾಮಿನ ಮೈಸೂರಿಗ

ಮೇಡಂ, ಥಿಯೋಫಿಲಿನ್ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಮಾತನ್ನು ಬಿಡಲಾರೆ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 886 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವೇಪ್, ಇನ್ನೊಂದಕ್ಕೆ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಮುಂತಾದವನ್ನು ಕೊಟ್ಟರು. ವರ್ಷದ ಕೊನೆಗೆ ಸಿಗರೇಟು ಬಿಟ್ಟೇ ಇದ್ದವರು ವೇಪಿನ ಗುಂಪಿನಲ್ಲಿ ಶೇ. 18, ಇನ್ನೊಂದರಲ್ಲಿ ಶೇ. 9.9. ಗಮ್ಮಿನಿಂದ ಬಿಡಲಾಗದವನಿಗೆ ಭಾರತದಲ್ಲಿ ಉಳಿಯುವುದು ಸಿಗರೇಟೇ ಅಲ್ಲವೇ?

ನಿವೃತ್ತ ಔಷಧ ವಿತರಕಿ, ಸರಸ್ವತಿಪುರಂ

ಅದೇ ಪ್ರಯೋಗದ ಇನ್ನೊಂದು ಸಾಲನ್ನೂ ಓದಬೇಕು. ಸಿಗರೇಟು ಬಿಟ್ಟವರಲ್ಲಿ, ವೇಪಿನ ಗುಂಪಿನ ಶೇ. 80ರಷ್ಟು ಜನ ವರ್ಷದ ನಂತರವೂ ವೇಪ್ ಸೇದುತ್ತಿದ್ದರು. ಇನ್ನೊಂದು ಗುಂಪಿನಲ್ಲಿ ಗಮ್, ಪ್ಯಾಚು ಬಳಸುತ್ತಿದ್ದವರು ಶೇ. 9 ಮಾತ್ರ. ಜೊತೆಗೆ, ಅವರಿಗೆ ಕೊಟ್ಟದ್ದು ಲೆಕ್ಕವಿರುವ ದ್ರವ, ಮೊದಲ ನಾಲ್ಕು ವಾರವಾದರೂ ಪ್ರತಿ ವಾರ ಸಲಹೆಗಾರರ ಬೆಂಬಲವೂ ಇತ್ತು. ಇಲ್ಲಿ ಕದ್ದುಮುಚ್ಚಿ ಮಾರುವ ಪೆನ್ನಿನಂಥ ಸಾಧನದೊಳಗೆ ಏನಿದೆ ಎಂದು ಪರೀಕ್ಷಿಸಿದವರಾರು? ಅಮೆರಿಕದಲ್ಲಿ 2019ರಿಂದ 2020ರ ಫೆಬ್ರವರಿಯವರೆಗೆ ವೇಪಿನಿಂದ ಶ್ವಾಸಕೋಶ ಕೆಟ್ಟು 2,807 ಜನ ಆಸ್ಪತ್ರೆ ಸೇರಿದರು ಅಥವಾ ಸತ್ತರು, ಅವರಲ್ಲಿ ಸತ್ತವರು 68 ಜನ.

ಬರ್ಮಿಂಗ್‌ಹ್ಯಾಮಿನ ಮೈಸೂರಿಗ

ಆ ಪ್ರಕರಣಗಳಿಗೆ ಮುಖ್ಯ ಕಾರಣವೆಂದು ಗುರುತಿಸಿದ್ದು ಗಾಂಜಾದ ಅಂಶವಿರುವ ಕಳ್ಳ ದ್ರವಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟನ್ನು. ಸಾಧಾರಣ ನಿಕೋಟಿನ್ ದ್ರವವನ್ನಲ್ಲ.

ನಿವೃತ್ತ ಔಷಧ ವಿತರಕಿ, ಸರಸ್ವತಿಪುರಂ

ಒಪ್ಪುತ್ತೇನೆ. ನಾನು ಹೇಳುತ್ತಿರುವುದೂ ಅದನ್ನೇ. ಕಳ್ಳ ಮಾಲು ಎಂಬುದೇ ಅಲ್ಲಿ ಜೀವ ತೆಗೆದದ್ದು, ಮಂಡ್ಯ ಮೈಸೂರಿನಲ್ಲಿ ಸಿಗುವುದೆಲ್ಲವೂ ಕಳ್ಳ ಮಾಲೇ. ನಿಮ್ಮಲ್ಲಿ ದ್ರವವನ್ನು ಮಾರುವ ಮೊದಲು ಔಷಧ ನಿಯಂತ್ರಕರಿಗೆ ವರದಿ ಕೊಡಬೇಕು, ಬಾಟಲಿಯ ಮೇಲೆ ಬರೆದದ್ದು ಒಳಗಿರಬೇಕು. ತಮ್ಮ ತಂದ ಬಾಟಲಿಗಳು ಮುಗಿದ ಮೇಲೆ ಗೌಡರು ಎಲ್ಲಿಗೆ ಹೋಗುತ್ತಾರೆ? ಕಳ್ಳ ಮಾಲಿಗೆ, ಇಲ್ಲವೇ ಸಿಗರೇಟಿಗೆ. ಅದಕ್ಕಿಂತಲೂ ಸಾಮಾನ್ಯವಾದದ್ದು, ಮನೆಯೊಳಗೆ ವೇಪ್, ಆಲೆಮನೆಯಲ್ಲಿ ಸಿಗರೇಟು ಎಂದು ಎರಡನ್ನೂ ನಡೆಸುವುದು. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯವು ಇಪ್ಪತ್ತು ಸೇದುವವರಿಗೆ ಇರುವುದರ ಸುಮಾರು ಅರ್ಧದಷ್ಟಿದೆ ಎಂದು 2018ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೇ ಪ್ರಕಟಿಸಿತು. ಅರ್ಧಂಬರ್ಧ ಬದಲಾವಣೆಯಿಂದ ಹೃದಯಕ್ಕೆ ದೊಡ್ಡ ಲಾಭವೇನಿಲ್ಲ.

ಇನ್ನು ಗಮ್ಮಿನ ಬಗ್ಗೆ. ಗಮ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹಳ ಜನ ಅದನ್ನು ಚ್ಯೂಯಿಂಗ್ ಗಮ್ಮಿನಂತೆ ಜಗಿದು ರಸ ನುಂಗಿದವರು. ನುಂಗಿದ ನಿಕೋಟಿನ್ ಹೊಟ್ಟೆ ಉರಿ, ಬಿಕ್ಕಳಿಕೆ ತರುತ್ತದೆ, ತಲಬು ತಣಿಸುವುದಿಲ್ಲ. ಮೆಲ್ಲಗೆ ಜಗಿಯಬೇಕು, ಮೆಣಸಿನಂಥ ಖಾರ ಅಥವಾ ಚುಮುಚುಮು ಬಂದೊಡನೆ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು, ಚುಮುಚುಮು ಇಳಿದ ಮೇಲೆ ಮತ್ತೆ ಜಗಿದು, ಬಾಯಿಯ ಇನ್ನೊಂದು ಕಡೆ ಇಡಬೇಕು, ಹೀಗೆ ಅರ್ಧ ಗಂಟೆ. ಬಾಯಲ್ಲಿ ಗಮ್ ಇರುವಾಗ, ಅದಕ್ಕೆ ಕಾಲು ಗಂಟೆ ಮೊದಲೂ, ಕಾಫಿ, ನಿಂಬೆಹಣ್ಣಿನ ಪಾನಕ ಕುಡಿಯಬಾರದು, ಹುಳಿಯಿಂದ ನಿಕೋಟಿನ್ ಒಸಡಿನೊಳಗೆ ಇಳಿಯುವುದು ಕುಗ್ಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಹಚ್ಚುವವರಿಗೆ 2 ಮಿಲಿಗ್ರಾಮಿನ ಗಮ್ ಸಾಲುವುದಿಲ್ಲ, 4 ಬೇಕು. ಅದರ ಜೊತೆಗೆ ದಿನವಿಡೀ ಅಂಟಿಸಿಕೊಳ್ಳುವ 21 ಮಿಲಿಗ್ರಾಮಿನ ಪ್ಯಾಚನ್ನೂ ವೈದ್ಯರು ಕೊಡುವುದುಂಟು, ಎರಡೂ ಸೇರಿದರೆ ಒಂದಕ್ಕಿಂತ ಹೆಚ್ಚು ಫಲ. ಇದರಿಂದಲೂ ಆಗದಿದ್ದರೆ ವೆರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳಿವೆ. ಬರ್ಮಿಂಗ್‌ಹ್ಯಾಮಿನವರು ಕೇಳಿದಂತೆ ಸಿಗರೇಟೊಂದೇ ಉಳಿಯುವುದಿಲ್ಲ. ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ಆಸ್ಪತ್ರೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇವೆ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356 ಸಂಖ್ಯೆಗೆ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಪಿರಿಯಾಪಟ್ಟಣದ ಬೇಸಾಯಗಾರ

ಆ ಸಂಖ್ಯೆಯನ್ನು ಪ್ಯಾಕಿನ ಮೇಲೆ ನೋಡಿದ್ದೆ, ಅಲ್ಲಿ ಯಾರಾದರೂ ಕನ್ನಡ ಮಾತನಾಡುತ್ತಾರೆಂದು ಊಹಿಸಿರಲಿಲ್ಲ. ನಮ್ಮೂರಿನ ಬೀಡಿ ಸೇದುವವರಿಗೂ ಹೇಳುತ್ತೇನೆ.

ಆಲೆಮನೆ ಗೌಡ, ಮಂಡ್ಯ

ಎಲ್ಲರಿಗೂ ವಂದನೆಗಳು. ಮೇಡಂ, ಮಾತ್ರೆಯ ವಿಚಾರವನ್ನು ಸೋಮವಾರವೇ ವೈದ್ಯರಲ್ಲಿ ಕೇಳುತ್ತೇನೆ. ಗಮ್ಮು, ಪ್ಯಾಚಿನ ಮಾತನ್ನೂ ಅಲ್ಲೇ ಎತ್ತುತ್ತೇನೆ. ನಮ್ಮ ಆಲೆಮನೆಗೆ ಈಗ ಕಬ್ಬು ಕಡಿಮೆ, ರಾತ್ರಿ ಪಾಳಿ ಇಲ್ಲ, ಆದ್ದರಿಂದ ಬಿಡುವುದಿದ್ದರೆ ಈಗಲೇ ಬಿಡಬೇಕು. ತಮ್ಮನಿಗೆ ಫೋನ್ ಮಾಡಿ ಏನೂ ತರಬೇಡ ಎಂದು ಹೇಳಿದೆ. ಅವನು, ನಿನಗೆ ಬೇಡವಾದರೆ ಬೇಡ, ನಾನು ಸೇದುವುದನ್ನಾದರೂ ತರಬಹುದೇ ಎಂದು ಕೇಳುತ್ತಿದ್ದಾನೆ. ವಕೀಲರು ಹೇಳಬೇಕು.

ಮೈಸೂರಿನ ವಕೀಲ

ತರಬಾರದು. ಸ್ವಂತ ಬಳಕೆಗೆಂದು ಆಮದು ಮಾಡಿಕೊಳ್ಳುವವರಿಗೆ ಕಾಯ್ದೆ ವಿನಾಯಿತಿ ಕೊಟ್ಟಿಲ್ಲ. ಹೊರಡುವ ಮುನ್ನ ಪೆಟ್ಟಿಗೆಯಲ್ಲಿ ಕಾಯಿಲ್, ದ್ರವ ತುಂಬುವ ಖಾಲಿ ಟ್ಯಾಂಕು ಕೂಡ ಉಳಿದಿಲ್ಲವೆಂದು ಒಮ್ಮೆ ನೋಡಿಕೊಳ್ಳಲಿ.

ಬರ್ಮಿಂಗ್‌ಹ್ಯಾಮಿನ ಮೈಸೂರಿಗ

ನಾನು ಊರಿಗೆ ಬರುವಾಗಲೂ ಬಿಟ್ಟೇ ಬರುತ್ತೇನೆ, ಕಾನೂನನ್ನು ಒಪ್ಪಿ ಅಲ್ಲ, ವಿಮಾನ ನಿಲ್ದಾಣದ ರಗಳೆ ಬೇಡವೆಂದು. ನಿಮ್ಮ ತಮ್ಮ ಇಲ್ಲಿನ ಔಷಧ ಅಂಗಡಿಯಿಂದ ರಜೆಗೆ ಸಾಲುವಷ್ಟು ಪ್ಯಾಚು, ಗಮ್ಮು ಕೊಂಡು ತರಲಿ. ಊರಿಗೆ ಬಂದ ಮೇಲೆ ಹಳೆಯ ಸ್ನೇಹಿತರ ಜೊತೆ ಗೂಡಂಗಡಿಯ ಮುಂದೆ ನಿಂತಾಗಲೇ ಅವನಿಗೆ ಅದು ಹೆಚ್ಚು ಬೇಕಾಗುವುದು.