ಏರುದಾರಿಯಲ್ಲಿ ಸೊಂಟನೋವು: ಕಳರಿ ಸೇರಿದರೆ ಪ್ರಯೋಜನ ಉಂಟಾ?

ಕುಂಬಳೆ ಸವಾರ:
ಸೈಕಲ್‌ನಲ್ಲಿ ರಾಣಿಪುರ ಬೆಟ್ಟದ ಏರು ಹತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ, ಬಲಗೈಯ ಕಿರುಬೆರಳು ಜೋಮು ಹಿಡಿಯುತ್ತದೆ. ಸೀಟಿನ ಎತ್ತರ ನೋಡಿ ಆಯಿತು. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುತ್ತದೆ. ಕಳರಿ (ಕೇರಳದ ಸಮರಕಲೆ) ಕಲಿತರೆ ಕಡಿಮೆಯಾದೀತಾ? ಕಳರಿಗೆ ಸೇರಿದ ಗೆಳೆಯನಿಗೆ ಮೊಣಕಾಲು ನೋವು ಶುರುವಾಗಿದೆ, ಹಾಗಾಗಿ ಹೆದರಿಕೆ.

ಬದಿಯಡ್ಕ ಪೆಡಲ್:
ಸೀಟಿನ ಎತ್ತರ ಸರಿಯಿದೆ. ಸೀಟಿನ ಮೂತಿ (ಮುಂತುದಿ) ಕೆಳಗೆ ಬಾಗಿದೆಯಾ, ಮಟ್ಟಗೋಲು ಇಟ್ಟು ನೋಡಿ. ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬೀಳುತ್ತದೆ, ಅಲ್ಲಿನ ನರ ಒತ್ತಿ ಕಿರುಬೆರಳು ಜೋಮಾಗುತ್ತದೆ. ದೊಡ್ಡ ಗೇರಿನಲ್ಲಿ ತುಳಿದು ಹತ್ತುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಪೆಡಲ್ ನಿಮಿಷಕ್ಕೆ 60 ಸುತ್ತಿಗಿಂತ ಕೆಳಗಿಳಿದರೆ ಸೊಂಟವೇ ಎಳೆಯಬೇಕಾಗುತ್ತದೆ. ಇವೆರಡನ್ನು ಯಾವ ಕಳರಿಯೂ ಸರಿಮಾಡದು.

ಇನ್ನು ಪರೀಕ್ಷೆ. ಮೇಜಿನ ಅಂಚಿಗೆ ಕೂತು ಹಿಂದಕ್ಕೆ ಮಲಗಿ, ಒಂದು ಮೊಣಕಾಲನ್ನು ಎದೆಗೆ ತಬ್ಬಿ, ಇನ್ನೊಂದು ಕಾಲನ್ನು ಇಳಿಬಿಡಿ. ಆ ತೊಡೆ ಮೇಜಿನಿಂದ ಮೇಲೆ ನಿಂತರೆ ತೊಡೆಸಂದಿನ ಮುಂಭಾಗದ ಸ್ನಾಯು ಬಿಗಿದಿದೆ. ಸೈಕಲ್ ತುಳಿಯುವಾಗ ತೊಡೆ ದೇಹದ ಹಿಂದಕ್ಕೆ ಹೋಗುವುದೇ ಇಲ್ಲ, ಅದಕ್ಕೇ ಹೀಗೆ. ಇಲ್ಲಿ ಕಳರಿ ನಿಜಕ್ಕೂ ಕೆಲಸ ಮಾಡುತ್ತದೆ. ಅಶ್ವವಡಿವು ಎಂಬ ಕುದುರೆ ಭಂಗಿಯಲ್ಲಿ ಮುಂಗಾಲು ಮಡಚಿ ಹಿಂಗಾಲು ಉದ್ದಕ್ಕೆ ಚಾಚುತ್ತೀರಿ. ಹಿಂಗಾಲಿನ ಬದಿಯ ಪೃಷ್ಠ ಬಿಗಿಹಿಡಿದು, ಸೊಂಟ ಒಳಬಾಗದಂತೆ 30 ಸೆಕೆಂಡು ನಿಲ್ಲಿ, ಬದಿಗೆ ಮೂರು ಸಲ. ಸೊಂಟ ಬಾಗಿತೆಂದರೆ ಎಳೆತ ತೊಡೆಸಂದು ಬಿಟ್ಟು ಬೆನ್ನಿಗೆ ಹೋಗುತ್ತದೆ, ಮಾಡಿಯೂ ಪ್ರಯೋಜನವಿಲ್ಲ.

ಗೆಳೆಯನ ಮೊಣಕಾಲು ಒಳಗೆ ವಾಲುತ್ತಿರಬೇಕು. ಕನ್ನಡಿ ಎದುರು ನಿಂತು ನೋಡಲಿ: ಮೊಣಚಿಪ್ಪು ಎರಡನೇ ಕಾಲ್ಬೆರಳಿನ ನೇರಕ್ಕೇ ಇರಬೇಕು. ಪಾದ ಹೊರಗೆ ತಿರುಗಿ ಮೊಣಕಾಲು ಮುಂದಕ್ಕೇ ಉಳಿದರೆ ಕೀಲು ತಿರುಚುತ್ತದೆ. ನೋವು ಇಳಿಯುವವರೆಗೆ ತಗ್ಗಿ ಕೂರುವುದು ಬೇಡ, ಅರ್ಧಕ್ಕೇ ನಿಲ್ಲಿಸಲಿ.

ಮುಳ್ಳೇರಿಯ ಹಾದಿ:
ಬೀಳುವುದನ್ನೂ ಕಲಿಯಿರಿ ಅಣ್ಣ, ಅದನ್ನು ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ಕೆಂಪು ಮಣ್ಣು ಡಾಮರಿಗೆ ಹರಿದು ಬಂದ ತಿರುವಿನಲ್ಲಿ ಚಕ್ರ ಜಾರಿದರೆ ಕೈ ತಾನಾಗಿ ನೆಲಕ್ಕೆ ಚಾಚುತ್ತದೆ. ಆ ಪೆಟ್ಟು ಮಣಿಕಟ್ಟಿಗೋ ಕೊರಳೆಲುಬಿಗೋ ಹೋಗುತ್ತದೆ. ಜೂಡೋದಲ್ಲಿ ಇದಕ್ಕೆಂದೇ ಪಾಠವಿದೆ: ಗಲ್ಲ ಎದೆಗೆ, ತೋಳು ಬಾಗಿಸಿ, ಒಂದು ಭುಜದಿಂದ ಎದುರು ಬದಿಯ ಸೊಂಟಕ್ಕೆ ಓರೆಯಾಗಿ ಉರುಳುವುದು. ದಪ್ಪ ಚಾಪೆಯ ಮೇಲೆ, ಮೊದಲು ಮೊಣಕಾಲೂರಿ, ಆಮೇಲೆ ನಿಂತು. ವೇಗದಲ್ಲಿ ಬಿದ್ದಾಗ ಪೂರ್ತಿ ಉರುಳಲು ಆಗದಿರಬಹುದು, ಆದರೆ ಕೈ ಚಾಚದೆ ತಲೆ ಒಳಗೆಳೆದುಕೊಂಡರೂ ದೊಡ್ಡ ಲಾಭ.

ಕುಂಬಳೆ ಸವಾರ:
ಸೀಟಿನ ಮೂತಿ ಬಾಗಿತ್ತು, ಸರಿಮಾಡಿದೆ. ಕಳರಿ ಯಾವ ದಿನ ಇಟ್ಟುಕೊಳ್ಳಲಿ?

ಬದಿಯಡ್ಕ ಪೆಡಲ್:
ವಾರಕ್ಕೆ ಎರಡು ದಿನ, ದೂರದ ಸವಾರಿಯ ಹಿಂದಿನ ದಿನ ಬೇಡ. ಆಟಿ ತಿಂಗಳ ಮಳೆಗೆ ಸೈಕಲ್ ಹೇಗೂ ಕಡಿಮೆ, ಸೇರುವುದಾದರೆ ಆಗಲೇ ಸೇರಿ. ನೋವು ಕಾಲಿಗಿಳಿದು ಪಾದ ಮರಗಟ್ಟಿದರೆ ವಡಿವು ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ.