ನಿಕರಾಗುವಾದಲ್ಲಿ ಏನು ತಿನ್ನಬೇಕು, ಏನು ಕುಡಿಯಬೇಕು? ಹೋಗಿಬಂದವರು ಹೇಳಿ

ಪ್ರಶ್ನೆ
ಮುಂದಿನ ತಿಂಗಳು ನಾನು, ನಮ್ಮ ಯಜಮಾನರು ಮಧ್ಯ ಅಮೆರಿಕದ ನಿಕರಾಗುವಾಕ್ಕೆ ಹೊರಟಿದ್ದೇವೆ. ಗ್ರಾನಡಾ, ಲಿಯೋನ್, ಸಮಯ ಸಿಕ್ಕರೆ ಮತಗಾಲ್ಪಾ. ಅವರು ಮಾಂಸ, ಮೀನು ಎಲ್ಲ ತಿಂತಾರೆ, ನಾನು ಮೊಟ್ಟೆಯನ್ನೂ ಮುಟ್ಟಲ್ಲ. ಹೋಟೆಲ್ ಊಟ ಬೇಡ, ಅಲ್ಲಿಯವರು ತಿನ್ನೋದನ್ನೇ ತಿನ್ನಬೇಕು ಅಂತ ಆಸೆ. ದಯವಿಟ್ಟು ತಿಳಿಸಿ.

ಮನಾಗುವಾದಲ್ಲಿ ಕೆಲಸದ ಮೇಲಿದ್ದವರು
ಮೇಡಂ, ಅಲ್ಲಿ ಒಂದೊಂದು ತಿನಿಸಿಗೂ ಅದರದೇ ಹೊತ್ತು, ಅದರದೇ ಊರು ಇದೆ. ಅದನ್ನು ನೋಡಿಕೊಂಡು ಪ್ರಯಾಣ ಹೊಂದಿಸಿಕೊಳ್ಳಿ.

ಶನಿವಾರ, ಭಾನುವಾರ ಎಲ್ಲೇ ಇದ್ದರೂ ಯಜಮಾನರು ನಕಟಮಾಲ್ ತಿನ್ನಲೇಬೇಕು. ಮನೆಗಳ ಮುಂದೆಯೇ 'ಹಾಯ್ ನಕಟಮಾಲೆಸ್' ಅಂತ ಬೋರ್ಡ್ ತೂಗುಹಾಕಿರುತ್ತಾರೆ, ಅಂದರೆ ಇವತ್ತು ಇದೆ ಅಂತ. ಬಾಳೆಎಲೆಯ ಪೊಟ್ಟಣ, ದಾರ ಬಿಗಿದು ಗಂಟೆಗಟ್ಟಲೆ ಬೇಯಿಸಿದ್ದು. ಗಂಟು ಬಿಚ್ಚಿದ ಕೂಡಲೇ ಆವಿಯ ಜೊತೆ ಪುದೀನ ಘಮ ಬರುತ್ತೆ. ಒಳಗೆ ಮೆತ್ತಗಿನ ಮೆಕ್ಕೆಜೋಳದ ಹಿಟ್ಟು, ಅದರಲ್ಲಿ ಹುದುಗಿದ ಹಂದಿ ಮಾಂಸ, ಸ್ವಲ್ಪ ಅಕ್ಕಿ, ಆಲೂಗಡ್ಡೆ, ಟೊಮ್ಯಾಟೊ. ಜೊತೆಗೆ ಬ್ರೆಡ್ಡು, ಕಪ್ಪು ಕಾಫಿ. ಬೆಳಗ್ಗೆ ಒಂದು ತಿಂದರೆ ಮಧ್ಯಾಹ್ನದ ಊಟ ಬೇಡ.

ಗ್ರಾನಡಾದಲ್ಲಿ ಸೆಂಟ್ರಲ್ ಪಾರ್ಕಿನ ಗೂಡಂಗಡಿಗಳಿಗೆ ಹೋಗಿ ವಿಗೊರೋನ್ ಕೇಳಿ. ಬಾಳೆಎಲೆ ಮೇಲೆ ಬೇಯಿಸಿದ ಮರಗೆಣಸು, ಗರಿಗರಿ ಕರಿದ ಹಂದಿ ಚರ್ಮ, ಮೇಲೆ ವಿನೆಗರ್ ಹಾಕಿದ ಹಸಿ ಎಲೆಕೋಸಿನ ಕೋಸಂಬರಿ. ನಿಮಗೆ ಮಾಂಸ ಬಿಟ್ಟು ಗೆಣಸು, ಕೋಸು ಮಾತ್ರ ಕೊಡಿ ಅಂದರೆ ಕೊಡುತ್ತಾರೆ.

ಸಂಜೆಯಾದರೆ ಎಲ್ಲ ಊರಲ್ಲೂ ಬೀದಿಬದಿ ಕೆಂಡ ಹೊತ್ತಿಸುತ್ತಾರೆ. ಆ ಅಂಗಡಿಗಳಿಗೆ ಫ್ರಿತಾಂಗಾ ಅಂತಾರೆ. ಸುಟ್ಟ ಮಾಂಸ, ಕರಿದ ಬಾಳೆಕಾಯಿ, ಕರಿದ ಚೀಸ್, ಗಾಯೊ ಪಿಂಟೊ. ಈ ಗಾಯೊ ಪಿಂಟೊ ಅಂದರೆ ಈರುಳ್ಳಿ ಹಾಕಿ ಹುರಿದ ಅನ್ನ ಮತ್ತು ಸಣ್ಣ ಕೆಂಪು ಕಾಳು. ಬೆಳಗ್ಗೆಯೂ ಅದೇ, ರಾತ್ರಿಯೂ ಅದೇ. ಬೇಜಾರಾಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ.

ಸಸ್ಯಾಹಾರಿ ಪ್ರಯಾಣಿಕರು
ಅಕ್ಕ, ಗಾಯೊ ಪಿಂಟೊ ನೋಡಿ ಅನ್ನ-ಕಾಳು ತಾನೇ ಅಂತ ಕೂತುಬಿಡಬೇಡಿ. ಎಷ್ಟೋ ಕಡೆ ಅದನ್ನು ಹಂದಿ ಕೊಬ್ಬಿನಲ್ಲೇ ಹುರಿಯುತ್ತಾರೆ. ಅದಕ್ಕೆ ಮಾಂತೇಕಾ ಅಂತಾರೆ. 'ಸಿನ್ ಮಾಂತೇಕಾ, ಕೊನ್ ಅಸೆಯ್ತೆ' ಅನ್ನೋದನ್ನು ಬಾಯಿಪಾಠ ಮಾಡಿಕೊಳ್ಳಿ, ಕೊಬ್ಬು ಬೇಡ, ಎಣ್ಣೆ ಹಾಕಿ ಅಂತ. ಮಾಂಸ ಬೇಡ ಅಂದಷ್ಟೇ ಹೇಳಿದರೆ ಕೋಳಿ ತಂದಿಡುತ್ತಾರೆ. ಕೋಳಿ, ಮೀನು, ಮೊಟ್ಟೆ ಒಂದೊಂದನ್ನೂ ಹೆಸರು ಹಿಡಿದು ಬೇಡ ಅನ್ನಿ.

ಮನಾಗುವಾದಿಂದ ಲಿಯೋನ್‌ಗೆ ಹೋಗುವಾಗ ನಗರೋತೆ ಅಥವಾ ಲಾ ಪಾಸ್ ಸೆಂತ್ರೊದಲ್ಲಿ ಇಳಿಯಲೇಬೇಕು. ಕೆಸಿಯೊ ಆ ಊರುಗಳದ್ದು. ಬಿಸಿ ಮೆಕ್ಕೆಜೋಳದ ಟೋರ್ಟಿಯಾ (ತೆಳು ರೊಟ್ಟಿ) ಮೇಲೆ ಅಗಲವಾದ ಮೆತ್ತನೆ ಚೀಸ್ ಹಾಸಿ, ವಿನೆಗರಿನಲ್ಲಿ ನೆನೆದ ಈರುಳ್ಳಿ ಹಾಕಿ, ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಮೇಲೆ ಧಾರಾಳ ಕೆನೆ, ಉಪ್ಪು. ಕೆನೆ ಸೋರದ ಹಾಗೆ ಚೀಲ ಹಿಡಿದೇ ತಿನ್ನಬೇಕು. ಚೀಸ್‌ಗೆ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆಯುವ ಹೆಪ್ಪು) ಹಾಕುತ್ತಾರೆ, ಅದನ್ನು ಬಿಟ್ಟಿದ್ದೀರಾದರೆ ಮೊದಲೇ ವಿಚಾರಿಸಿ. ಜೊತೆಗೆ ತಿಸ್ತೆ ಕುಡಿಯಿರಿ, ಮೆಕ್ಕೆಜೋಳ, ಕೊಕೊ ಹಾಕಿದ ತಂಪು ಪಾನೀಯ.

ಪಿನೊಲಿಯೊ ಇನ್ನೂ ಇಷ್ಟವಾಗುತ್ತೆ. ಹುರಿದ ಮೆಕ್ಕೆಜೋಳ, ಕೊಕೊ ಪುಡಿ ಮಾಡಿ ನೀರಿಗೆ ಕಲಸುವುದು, ನಮ್ಮ ಹುರಿಹಿಟ್ಟಿನ ಹಾಗೆ. ತಳಕ್ಕೆ ಹಿಟ್ಟು ಕೂರುತ್ತೆ, ಲೋಟ ಅಲ್ಲಾಡಿಸುತ್ತಾ ಕುಡಿಯಿರಿ. ಮತಗಾಲ್ಪಾಕ್ಕೆ ಹೇಗಾದರೂ ಮಾಡಿ ಹೋಗಿ: ಎಳೆ ಮೆಕ್ಕೆಜೋಳ ರುಬ್ಬಿ ಬಾಳೆಎಲೆ ಮೇಲೆ ಬೇಯಿಸುವ ಸಿಹಿ ಗ್ವಿರಿಲಾ, ಜೊತೆಗೆ ತಾಜಾ ಕ್ವಾಹಾದಾ ಚೀಸ್. ಕಾಫಿ ತೋಟಗಳ ಸೀಮೆ ಅದು, ಕಾಫಿಯನ್ನೂ ಅಲ್ಲೇ ಕುಡಿಯಿರಿ. ನನಗಂತೂ ಇಡೀ ದೇಶದಲ್ಲಿ ಆ ಗ್ವಿರಿಲಾಕ್ಕಿಂತ ಒಳ್ಳೆ ತಿಂಡಿ ಸಿಗಲಿಲ್ಲ.

ಕೆರಿಬಿಯನ್ ಕಡೆ ಹೋಗಿಬಂದವರು
ಬ್ಲೂಫೀಲ್ಡ್ಸ್, ಕಾರ್ನ್ ದ್ವೀಪಗಳ ಕಡೆ ಹೋದರೆ ಅಡುಗೆಯೇ ಬೇರೆ. ಅನ್ನ, ಕಾಳು ತೆಂಗಿನ ಹಾಲಲ್ಲಿ ಬೇಯುತ್ತೆ. ಯಜಮಾನರಿಗೆ ರೊಂಡೋನ್ ಹೇಳಿ: ಮೀನು, ಗೆಡ್ಡೆಗೆಣಸು, ಬಾಳೆಕಾಯಿ, ಎಲ್ಲ ತೆಂಗಿನ ಹಾಲಲ್ಲಿ ನಿಧಾನಕ್ಕೆ ಬೆಂದದ್ದು. ಅವಸರಕ್ಕೆ ಆಗಲ್ಲ, ಬೆಳಗ್ಗೆಯೇ ಹೇಳಿಟ್ಟು ಬನ್ನಿ. ಲಾಬ್‌ಸ್ಟರ್ ಹಿಡಿಯುವುದನ್ನು ಮಾರ್ಚ್‌ನಿಂದ ಜೂನ್ ಕೊನೆವರೆಗೆ ನಿಲ್ಲಿಸುತ್ತಾರೆ, ಆಗ ಕೇಳಬೇಡಿ. ಯಾರಾದರೂ ಕಡಲಾಮೆ ಮೊಟ್ಟೆ ತಂದರೆ ಖಂಡಿತ ಬೇಡ ಅನ್ನಿ. ಆ ಆಮೆಗಳು ಉಳಿಯಬೇಕು.

ರಮ್ ಕುಡಿಯುವವರಾದರೆ ಚಿಚಿಗಾಲ್ಪಾ ಊರಿನ ಫ್ಲೋರ್ ದೆ ಕಾನ್ಯಾ, 1890ರಷ್ಟು ಹಳೆಯ ಕಾರ್ಖಾನೆಯದ್ದು. ಪೇರಲೆ ರಸ, ನಿಂಬೆ ಬೆರೆಸಿದರೆ ಮಕುವಾ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿನೊಲಿಯೊ, ತಿಸ್ತೆ ಎರಡೂ ನೀರಿನವು, ಹೊಟ್ಟೆಗೆ ಏನೂ ಆಗಲ್ವಾ? ಮನೆಗೆ ತರೋಕೆ ಏನಾದರೂ ಇದೆಯಾ?

ಸಸ್ಯಾಹಾರಿ ಪ್ರಯಾಣಿಕರು
'ಆಗ್ವಾ ಪುರಿಫಿಕಾದಾ?' ಅಂತ ಕೇಳಿ, ಶುದ್ಧೀಕರಿಸಿದ ನೀರು ಅಂದರೆ ಕುಡಿಯಿರಿ. ಐಸ್‌ಗೂ ಅದೇ ಮಾತು. ತರೋದಕ್ಕೆ ಪಿನೊಲಿಯೊ ಪುಡಿ ಪ್ಯಾಕೆಟ್‌ನಲ್ಲಿ ಸಿಗುತ್ತೆ, ಕಾಫಿ ಪುಡಿಯೂ ತನ್ನಿ. ಸೊಮೊತೊ ಊರಿನ ರೊಸ್ಕಿಯಾ ಅಂತ ಮೆಕ್ಕೆಜೋಳ, ಚೀಸಿನ ಗಟ್ಟಿ ಬಳೆ ಬಿಸ್ಕತ್ತು ಇದೆ, ಬೇಗ ಕೆಡಲ್ಲ. ಆದರೆ ಅದರಲ್ಲಿ ಮೊಟ್ಟೆ, ಮಾಂತೇಕಾ ಹಾಕಿರುತ್ತಾರೆ, ಹಾಗಾಗಿ ಯಜಮಾನರಿಗೆ ಮಾತ್ರ ತಗೊಳ್ಳಿ ಅಕ್ಕ.